ಸನ್ ಹದಿಮೂರುನೂರಾ ನಲವತ್ತರ ಮನೆ

ಅದು ಶುರುವಾದದ್ದು ವೈಶಾಖದ ಬಿಸಿಲಿನಲ್ಲಿ, ಯಾದಗಿರಿಯ ಎರಡನೇ ಬಸ್ಸು ಸುರಪುರದ ಸ್ಟ್ಯಾಂಡಿಗೆ ಬಂದು ನಿಂತು, ಅದರ ಹಿಂದೆ ಬಂದ ಧೂಳು ಇನ್ನೂ ಕೆಳಗೆ ಕೂಡದ ಹೊತ್ತಿನಲ್ಲಿ. ನಮ್ಮ ಸೀಮೆ ಹೈದರಾಬಾದು ಬಿಟ್ಟು ಮೈಸೂರಿಗೆ ಸೇರಿ ಆರು ತಿಂಗಳಾಗಿತ್ತು. ಹೊಸ ಸರಕಾರದ ಮಂದಿ ದಿನಕ್ಕೊಬ್ಬರಂತೆ ಬಸ್ಸಿನಿಂದ ಇಳಿಯುತ್ತಿದ್ದರು. ಒಬ್ಬರು ಬಾವಿ ಎಣಿಸಲು, ಒಬ್ಬರು ದನ ಎಣಿಸಲು, ಮತ್ತೊಬ್ಬರು ಹಿಂದೆ ಬಂದವರು ಸರಿಯಾಗಿ ಎಣಿಸಿದರೋ ಇಲ್ಲವೋ ನೋಡಲು. ಅವರೆಲ್ಲರಿಗೂ ಮೊದಲು ಸಿಗುವವನು ಬುಕಿಂಗ್ ಕಿಟಕಿಯ ಮೌನಪ್ಪ. ಟಿಕೀಟು ಹರಿಯುವುದು ಅವನಿಗೆ ಸರಕಾರ ಕೊಟ್ಟ ನೌಕರಿ. ಇಡೀ ಊರಿನ ಪರವಾಗಿ ಮಾತಾಡುವುದು ಅವನು ತಾನೇ ಹಚ್ಚಿಕೊಂಡ ನೌಕರಿ.

ಮೌನಪ್ಪ ನನ್ನ ಎದುರಿನ ಮನೆ ಕೊಂಡು ಅಲ್ಲಿಗೆ ಬಂದು ಹತ್ತು ದಿನವಾಗಿತ್ತು. ನಾನು ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುವವನು. ಆ ಕೆಲಸದಲ್ಲಿ ಕೈಗೆ ಬಿಡುವಿಲ್ಲ, ಕಣ್ಣಿಗೆ ಬೇಕಾದಷ್ಟು ಬಿಡುವು. ಹಾಗಾಗಿ ಈ ಸಂಗತಿಯಲ್ಲಿ ನಾನು ಕಾಣದ್ದು ಕಡಿಮೆ.

ಮನೆ ಸುಲ್ತಾನಸಾಬರದು. ತಹಸೀಲಿನಲ್ಲಿ ಕಾರಕೂನರಾಗಿದ್ದು ನಿವೃತ್ತರಾದ ಮೇಲೆ ಯಾದಗಿರಿಯಲ್ಲಿದ್ದ ಮಗಳ ಮನೆಗೆ ಹೋದರು, ಹೋಗುವಾಗ ಇದನ್ನು ಮೌನಪ್ಪನಿಗೆ ಮಾರಿದರು. ಕಲ್ಲಿನ ಮುಖ, ಎರಡು ಕೋಣೆ, ಹಿಂದೆ ಹಿತ್ತಲು. ಮುಂಬಾಗಿಲ ನೆತ್ತಿಯ ಮೇಲೆ ಒಂದು ಕಲ್ಲು, ಅದರ ಮೇಲೆ ಚೆಂದದ ಕನ್ನಡ ಅಂಕಿಯಲ್ಲಿ ಕೆತ್ತಿದ್ದು ೧೩೪೦.

ಈ ಅಂಕಿಯ ವಿಷಯ ಈಗಲೇ ಹೇಳಿಬಿಡುವುದು ಒಳ್ಳೆಯದು. ನಿಜಾಮರ ಕಾಲದಲ್ಲಿ ನಮ್ಮಲ್ಲಿ ವರ್ಷ ನಡೆಯುತ್ತಿದ್ದುದು ಫಸಲಿ ಲೆಕ್ಕದಲ್ಲಿ. ಫಸಲಿಗೆ ಐನೂರಾ ತೊಂಬತ್ತು ಕೂಡಿಸಿದರೆ ಇಸವಿ ಬರುತ್ತದೆ. ಫಸಲಿ ೧೩೪೦ ಅಂದರೆ ಇಸವಿ ೧೯೩೦. ಅಂದರೆ ಮನೆಗೆ ಇಪ್ಪತ್ತೇಳು ವರ್ಷ. ಅದನ್ನು ಕಟ್ಟುವಾಗ ನಾನು ನೋಡಿದ್ದೇನೆ. ಮೌನಪ್ಪನೂ ನೋಡಿದ್ದಾನೆ, ನೋಡುತ್ತ ನೋಡುತ್ತ ಸುಣ್ಣದ ಗುಂಡಿಯಲ್ಲಿ ಕಾಲಿಟ್ಟು ಗೌಂಡಿ ಅಲ್ಲಾಬಕ್ಷನ ಕೈಲಿ ಬೈಸಿಕೊಂಡಿದ್ದಾನೆ. ಆದರೆ ಸರಕಾರ ಬದಲಾದ ಮೇಲೆ ಫಸಲಿ ಹೋಯಿತು, ಇಸವಿ ಬಂತು. ನಾವೆಲ್ಲ ಹದಿಮೂರುನೂರರಲ್ಲಿ ಮಲಗಿ ಹತ್ತೊಂಬತ್ತುನೂರರಲ್ಲಿ ಎದ್ದೆವು. ನಡುವಿನ ವರ್ಷಗಳು ಎಲ್ಲಿ ಹೋದವು ಎಂದು ಯಾರೂ ಕೇಳಲಿಲ್ಲ. ಬೆಳಗಾದರೆ ಎಲ್ಲರಿಗೂ ಕೆಲಸವಿತ್ತು.

ಮನೆ ಕೊಂಡದ್ದು ಮಗಳ ಸಲುವಾಗಿ. ಶೇಖಮ್ಮನನ್ನು ಶಹಾಪುರಕ್ಕೆ ಕೊಟ್ಟಿದ್ದರು, ಈಗ ಮೊದಲನೇ ಬಸಿರು. ಮೌನಪ್ಪನ ಹೆಂಡತಿ ಮರಿಲಿಂಗಮ್ಮ ಮಗಳ ಲಗ್ನದ ಮರುವಾರದಿಂದಲೇ ಅಳವಿ, ಶುಂಠಿ, ಅಂಟು, ಒಣಕೊಬ್ಬರಿ ಗಂಟು ಕಟ್ಟಿ ಗೋಡೆಯ ಮಾಡದಲ್ಲಿ ಇಟ್ಟಿದ್ದಳು. ಒಬ್ಬಳೇ ಮಗಳು, ಮೊದಲ ಬಾಣಂತನ ತನ್ನ ಕೈಯಲ್ಲಿ ಆಗಬೇಕು. ಸ್ಟ್ಯಾಂಡಿನ ಹಿಂದಿನ ಒಂದೇ ಕೋಣೆಯ ಮನೆಯಲ್ಲಿ ಅದು ಆಗುವ ಮಾತಲ್ಲ ಎಂದೇ ಈ ಮನೆ.

ಮನೆ ಹೊಕ್ಕ ದಿನ ಬೀಗತಿ ಅಮೃತಮ್ಮ ಶಹಾಪುರದಿಂದ ಬಂದಳು. ಊಟಕ್ಕೆ ಕೂಡುವ ಮೊದಲು ಗೋಡೆಗಳನ್ನು ಬೆರಳಿನಿಂದ ಬಡಿದು ನೋಡಿದಳು.

"ಒಬ್ರು ಇದ್ದು ಬಿಟ್ಟ ಮನಿ ಅನ್ನರಿ."

"ಹಂಗ ಅನಬ್ಯಾಡ್ರಿ ಅಕ್ಕಾರ," ಎಂದ ಮೌನಪ್ಪ. "ಹಳೇ ಮನಿ ಬ್ಯಾರೆ, ಪುರಾತನ ಮನಿ ಬ್ಯಾರೆ."

"ಪುರಾತನ ಇರ್ಲಿ. ಬಚ್ಚಲ ಎಲ್ಲದ?"

ಬಚ್ಚಲು ಹಿತ್ತಲ ಮೂಲೆಯಲ್ಲಿ ನಾಲ್ಕು ತಟ್ಟಿ ನಿಲ್ಲಿಸಿದ ಜಾಗ. ಮೇಲೆ ಆಕಾಶ.

"ನನ್ನ ಸೊಸಿಗೆ ಗಾಳ್ಯಾಗ ನಿಂದ್ರಿಸಿ ನೀರ ಎರೀತೀರೇನು? ನಾಗರಪಂಚಮಿಗೆ ಕರಕೊಂಡ ಬರ್ತೀನಿ. ಬಾಣಂತಿ ಕ್ವಾಣಿಗೆ ಹತ್ತಿ ಬೆಚ್ಚನ ಬಚ್ಚಲ ಇದ್ರ ಬಿಟ್ಟ ಹೋಗ್ತೀನಿ. ಇಲ್ಲಂದ್ರ ಬಂದ ಬಸ್ಸಿಗೇ ಕರಕೊಂಡ ಹೊಂಡ್ತೀನಿ. ಬಾಣಂತನ ನಮ್ಮಲ್ಲೇ ಆಗ್ಲಿ."

ಮರಿಲಿಂಗಮ್ಮ ತಾಟಿಗೆ ಹೋಳಿಗೆ ಹಾಕುತ್ತಿದ್ದವಳು ಕೈ ನಿಲ್ಲಿಸಿದಳು. ಆಮೇಲೆ ಎರಡು ಹೋಳಿಗೆ ಹೆಚ್ಚೇ ಹಾಕಿದಳು.

ಕೋಣೆಯ ಹಿಂಗೋಡೆ ಒಡೆದು ಬಾಗಿಲು ಮಾಡಿ, ಹಿತ್ತಲಿಗೆ ಒತ್ತಿ ಬಚ್ಚಲು ಕಟ್ಟುವುದೆಂದು ನಿಶ್ಚಯವಾಯಿತು. ಅಲ್ಲಾಬಕ್ಷನಿಗೆ ಹೇಳಿಕಳಿಸಿದರು. ವೈಶಾಖದ ಆ ಮುಂಜಾನೆ ಅವನು ಹಾರೆ ತಂದು ಗೋಡೆಯ ಮುಂದೆ ನಿಂತ. ಎಲ್ಲಿ ಒಡೆಯಬೇಕೆಂದು ಮೌನಪ್ಪ ಇದ್ದಿಲಿನಿಂದ ಗೀಟು ಹಾಕಿ ತೋರಿಸಿ ಡ್ಯೂಟಿಗೆ ಹೋಗಿದ್ದ. ತೋರಿಸುವಾಗ ಅಲ್ಲಾಬಕ್ಷ ಏನೋ ಹೇಳಲು ಬಾಯಿ ತೆಗೆದಿದ್ದ. ಮೌನಪ್ಪನ ಎದುರಿಗೆ ಬಾಯಿ ತೆಗೆಯುವುದು ಸುಲಭ, ಮಾತು ಹೊರಡಿಸುವುದು ಕಷ್ಟ.

ಅದೇ ಹೊತ್ತಿಗೆ ನಾನು ಹೇಳಿದ ಎರಡನೇ ಬಸ್ಸು ಬಂತು. ಅದರಿಂದ ಛತ್ರಿ, ಟೋಪಿ, ಚರ್ಮದ ಚೀಲ ಹಿಡಿದ ಒಬ್ಬ ತೆಳ್ಳನೆಯ ಅಧಿಕಾರಿ ಇಳಿದರು. ಹೆಸರು ನೀಲಕಂಠಯ್ಯ, ಊರು ಮೈಸೂರಿನ ಕಡೆ. ಹಳೆಯ ಕಟ್ಟಡ ಕಾಯುವ ಕಚೇರಿಯವರು.

"ಇಲ್ಲಿ ಪ್ರಾಚೀನ ಕಟ್ಟಡಗಳು ಎಲ್ಲೆಲ್ಲಿವೆ ಅಂತ ಸ್ವಲ್ಪ ಹೇಳ್ತೀರಾ?" ಎಂದು ಕಿಟಕಿಯಲ್ಲಿ ಕೇಳಿದರು.

"ಎಷ್ಟ ಹಳೇವ ಬೇಕ್ರಿ ಸಾಹೇಬ್ರ?" ಎಂದ ಮೌನಪ್ಪ, ಎಷ್ಟು ಟಿಕೀಟು ಎಂದು ಕೇಳಿದ ಹಾಗೆ. ಬೀಗತಿಯ ಮಾತು ಅವನಿಗೆ ಹತ್ತು ದಿನದಿಂದ ಜೀರ್ಣವಾಗಿರಲಿಲ್ಲ. "ಗುಡ್ಡದ ಮ್ಯಾಲಿನ ಅರಮನಿ ಎಲ್ಲಾರೂ ನೋಡ್ತಾರ. ಮೊದಲ ನಮ್ಮ ಮನಿ ನೋಡ್ರಿ. ಅದರ ಮುಂದ ಅವೆಲ್ಲಾ ಎಳೀ ಕೂಸು."

ಅವನು ಹೇಳಿದ್ದು ಮಾತಿಗೆ. ಕೇಳಿದವರು ಅದನ್ನು ಚೀಲದಿಂದ ವಹಿ ತೆಗೆದು ಬರೆದುಕೊಂಡರು. ಕಿಟಕಿ ಮುಚ್ಚಿ ಮೌನಪ್ಪ ಅವರನ್ನು ಕರೆದುಕೊಂಡು ಓಣಿಗೆ ಬಂದ.

ನೀಲಕಂಠಯ್ಯ ಬಾಗಿಲ ಮುಂದೆ ನಿಂತು ತಲೆ ಎತ್ತಿದರು. ಟೋಪಿ ತೆಗೆದರು. ಭೂತಗನ್ನಡಿ ತೆಗೆದರು. ನನ್ನ ಕಟ್ಟೆಯ ಮೇಲೆ ಹತ್ತಿ, ನನ್ನ ನಾರಿನ ಕಟ್ಟಿನ ಮೇಲೂ ಹತ್ತಿ ನೋಡಿದರು.

"ಸಾವಿರದ ಮುನ್ನೂರ ನಲವತ್ತು!"

"ಹೌದ್ರಿ, ಹದಿಮೂರನೂರಾ ನಲವತ್ತು," ಎಂದ ಮೌನಪ್ಪ.

"ಕ್ರಿಸ್ತಶಕವೋ, ಶಾಲಿವಾಹನ ಶಕವೋ?" ಎಂದು ಅವರು ಕೇಳಿದ್ದು ನಮ್ಮನ್ನಲ್ಲ, ಕಲ್ಲನ್ನು. "ಶಾಲಿವಾಹನ ಶಕವಾದರೆ ಸಾವಿರದ ನಾನೂರ ಹದಿನೆಂಟಾಗುತ್ತೆ. ಯಾವುದಾದರೂ ಅದ್ಭುತವೇ. ಕಲ್ಲು ನೋಡಿ, ನಿನ್ನೆ ಕೆತ್ತಿದ ಹಾಗಿದೆ! ಆ ಕಾಲದ ಕೆಲಸವೇ ಹಾಗೆ. ಈಗಿನವರಿಂದ ಸಾಧ್ಯವೇ?"

ಒಳಗಿನಿಂದ ಹೊರಗೆ ಬಂದು ನಿಂತಿದ್ದ ಅಲ್ಲಾಬಕ್ಷನಿಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ.

ಮೌನಪ್ಪ ಕಿಸೆಯಿಂದ ಹಳೇ ಟಿಕೀಟು ತೆಗೆದು ಅದರ ಬೆನ್ನಿಗೆ ಲೆಕ್ಕ ಹಾಕಿದ. ಹತ್ತೊಂಬತ್ತುನೂರಾ ಐವತ್ತೇಳರಲ್ಲಿ ಹದಿಮೂರುನೂರಾ ನಲವತ್ತು ಕಳೆದ. ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದ:

"ದುರಗಪ್ಪಣ್ಣ, ಆರನೂರಾ ಹದಿನೇಳು ಬರಾಕತ್ತದಲ್ಲೋ."

"ಸುಣ್ಣದ ಗುಂಡ್ಯಾಗ ಕಾಲ ಇಟ್ಟಿದ್ದಿ ನೀನು," ಎಂದೆ.

"ಅದೂ ಖರೆ. ಇದೂ ಖರೆ. ಲೆಕ್ಕ ನಾ ಎರಡ ಸಲ ಮಾಡೀನಿ."

ಶಾಲೆಯಲ್ಲಿ ಎರಡನೇ ಜಮಾತು ದಾಟದ ನಾನೂ ಮನಸ್ಸಿನಲ್ಲಿ ಕಳೆದು ನೋಡಿದೆ. ಅಷ್ಟೇ ಬಂತು. ನಮ್ಮ ಕಣ್ಣು ಒಂದು ಹೇಳುತ್ತಿತ್ತು, ಕಾಗದ ಇನ್ನೊಂದು ಹೇಳುತ್ತಿತ್ತು. ನಮ್ಮ ಮಂದಿ ಕಾಗದದ ಜತೆ ಜಗಳ ತೆಗೆದವರಲ್ಲ. ಮೇಲಾಗಿ ಮೌನಪ್ಪನಿಗೆ ಆ ಕ್ಷಣದಲ್ಲಿ ಅಮೃತಮ್ಮನ ಮುಖ ಕಾಣುತ್ತಿತ್ತು. ಅವನು ಟಿಕೀಟನ್ನು ಮಡಿಚಿ ಒಳಗಿಟ್ಟುಕೊಂಡು, ಅಧಿಕಾರಿಗಳಿಗೆ ಚಹಾ ತರಿಸಿದ.

ಚಹಾ ಕುಡಿದು ನೀಲಕಂಠಯ್ಯ ಒಳಗೆ ಹೋದರು. ಗೋಡೆಯ ಮೇಲಿನ ಇದ್ದಿಲ ಗೀಟು, ಹಾರೆ, ಎರಡನ್ನೂ ಕಂಡರು. ಅವರ ಕೂಗು ಓಣಿಯ ತುದಿಯವರೆಗೆ ಕೇಳಿತು.

"ಮುಟ್ಟಬೇಡಿ! ಯಾರೂ ಮುಟ್ಟಬೇಡಿ!"

ನಿಯಮಗಳನ್ನು ಆಗಲೇ ಅಲ್ಲೇ ಓದಿ ಹೇಳಿದರು. ಗೋಡೆ ಒಡೆಯುವಂತಿಲ್ಲ. ಹೊಸದು ಕಟ್ಟುವಂತಿಲ್ಲ. ಮೊಳೆ ಹೊಡೆಯುವಂತಿಲ್ಲ. ಸುಣ್ಣ ಬಳಿಯುವಂತಿಲ್ಲ. ಪ್ರಾಚೀನ ನೆಲಕ್ಕೆ ಸಗಣಿ ಸಾರಿಸುವಂತಿಲ್ಲ.

"ಸಾರಸಲಾರದ ಮನ್ಯಾಗ ನಾ ಹೆಂಗ ಇರ್ಲಿರಿ?" ಎಂದು ಮರಿಲಿಂಗಮ್ಮ ಕದದ ಹಿಂದಿನಿಂದ ಕೇಳಿದಳು.

"ಆರು ನೂರು ವರ್ಷದಿಂದ ಇದ್ದಾರಲ್ಲಮ್ಮ."

"ಯಾರ್ರಿ?"

ನೀಲಕಂಠಯ್ಯ ನಿಯಮದ ಪುಸ್ತಕ ಮುಚ್ಚಿ ಚೀಲದಲ್ಲಿ ಇಟ್ಟರು.

ಎಂಟು ದಿನದಲ್ಲಿ ತಗಡಿನ ಫಲಕ ಬಂತು. 'ಇದು ಸಂರಕ್ಷಿತ ಪುರಾತನ ಕಟ್ಟಡ. ಕೆಡಿಸಿದವರು, ಬದಲಿಸಿದವರು, ಗೀಚಿದವರು ಶಿಕ್ಷೆಗೆ ಗುರಿಯಾಗುತ್ತಾರೆ.' ಜವಾನ ಮೊಳೆ, ಸುತ್ತಿಗೆ ಹಿಡಿದು ಬಂದ. ಮೊಳೆ ಹೊಡೆಯುವಂತಿಲ್ಲ ಎಂದು ಮೌನಪ್ಪನೇ ಅವನಿಗೆ ನಿಯಮ ಹೇಳಿದ. ಇಬ್ಬರೂ ಗೋಡೆಯ ಮೇಲೆ ಮೊದಲೇ ಇದ್ದ ಮೊಳೆ ಹುಡುಕಿದರು, ಸಿಗಲಿಲ್ಲ. ಕೊನೆಗೆ ನನ್ನ ಹತ್ತಿರ ಒಂದು ಮಾರು ಹಗ್ಗ ತೆಗೆದುಕೊಂಡು ಕಿಟಕಿಯ ಸರಳಿಗೆ ಕಟ್ಟಿದರು. ಗಾಳಿ ಬಂದಾಗಲೆಲ್ಲ ಫಲಕ ತಿರುಗಿ ಓಣಿಗೆ ಬೆನ್ನು ತೋರಿಸುತ್ತಿತ್ತು.

ಮಂದಿ ಬರತೊಡಗಿದರು. ದೇವಾಪುರದಿಂದ ಚಕ್ಕಡಿ ಕಟ್ಟಿಕೊಂಡು ಬಂದರು. ಮೌನಪ್ಪ ಡ್ಯೂಟಿ ಮುಗಿಸಿ ಬಂದವನೇ ತೋರಿಸಲು ನಿಲ್ಲುತ್ತಿದ್ದ. "ಇದು ಒಳಗಿನ ಪಡಸಾಲಿ. ಇಲ್ಲಿ ಆಗಿನ ಸರದಾರರು ಕೂಡ್ತಿದ್ರು." ಅಲ್ಲಿ ಸುಲ್ತಾನಸಾಬರ ಕೋಳಿಗಳು ಕೂಡುತ್ತಿದ್ದುದನ್ನು ನಾನು ಬಲ್ಲೆ.

ಪಕ್ಕದ ಮನೆಯ ಹಜರಾಬೀ ಸೊಂಟದ ಮೇಲೆ ಕೈಯಿಟ್ಟು ಕೇಳಿಸಿಕೊಂಡಳು.

"ಯಾ ಮೌನಪ್ಪ, ಈ ಮನಿ ಗಾರೀಗಿ ನೀರ ಹೊತ್ತಾಕಿ ನಾನು. ಮನಿಗಿ ಆರನೂರ ವರ್ಷ ಆತಂದ್ರ ನನಗೆಷ್ಟಾತೋ?"

"ಬೀ, ಮೆತ್ತಗ. ಮಂದಿ ಕೇಳ್ತಾರ."

"ಕೇಳ್ಲಿ. ನನಗ ಫಲಕ ಯಾವಾಗ ಕಟ್ಟಸ್ತಿ?"

ಸುದ್ದಿ ಶಹಾಪುರಕ್ಕೆ ಹೋಗಲು ಬಸ್ಸಿನವರಿದ್ದರು. ಮೌನಪ್ಪ ಕಾದದ್ದು ಬೀಗತಿಯ ಮೆಚ್ಚಿಗೆಗೆ. ಬಂದದ್ದು ಕಂಡಕ್ಟರನ ಬಾಯಲ್ಲಿ ಆಕೆಯ ಈ ಮಾತು: "ಆರನೂರ ವರ್ಷದಾಗ ಆ ಮನ್ಯಾಗ ಎಷ್ಟ ಮಂದಿ ಸತ್ತಾರೋ ಏನೋ. ಗ್ವಾಡಿ ಸಂದ್ಯಾಗ ಚೇಳ ಇರ್ತಾವ. ಸಾರ್ಸಂಗಿಲ್ಲಂತ, ಬಚ್ಚಲ ಕಟ್ಟಂಗಿಲ್ಲಂತ. ಬೀಗರಿಗಿ ಹೇಳು, ಬಾಣಂತನದ ಗಂಟು ಬಿಚ್ಚಿ ಅಡಗಿಗಿ ಹಾಕ್ಕೊಳ್ಳಾಕ ಹೇಳು."

ಅವತ್ತು ಮೌನಪ್ಪ ಮನೆಗೆ ಬಂದಾಗ ಮರಿಲಿಂಗಮ್ಮ ಮಾಡದಿಂದ ಗಂಟು ಇಳಿಸಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನಿಮ್ಮ ಸರದಾರರಿಗಿ ಹೇಳ್ರಿ," ಎಂದಳು, "ಬಚ್ಚಲ ಕಟ್ಟಿ ಕೊಟ್ಟ ಹೋಗಂತ."

ಪಂಚಮಿಗೆ ಆಗ ಐದು ವಾರ ಉಳಿದಿತ್ತು.

ಮರುದಿನ ಮೌನಪ್ಪ ಅರ್ಧ ದಿನ ರಜಾ ಹಾಕಿ, ನನ್ನನ್ನೂ ಎಬ್ಬಿಸಿಕೊಂಡು, ನೀಲಕಂಠಯ್ಯ ಇಳಿದುಕೊಂಡಿದ್ದ ಮುಸಾಫಿರಖಾನೆಗೆ ಹೋದ. ಕೈಮುಗಿದು ನಿಂತ. ಸತ್ಯ ಹೇಳಲು ನಿಂತ ಮೌನಪ್ಪನನ್ನು ನಾನು ಅದೇ ಮೊದಲ ಸಲ ಕಂಡದ್ದು. ಅವನಿಗೂ ಅಭ್ಯಾಸವಿರಲಿಲ್ಲ.

"ಸಾಹೇಬ್ರ, ಆ ಮನಿ ಅಷ್ಟ ಹಳೇದಲ್ರಿ. ಅದು ಇಸವಿ ಅಲ್ರಿ, ಫಸಲಿ."

"ಏನದು?"

"ಫಸಲಿ ಸನ್ ರಿ. ನಿಜಾಮರ ವ್ಯಾಳ್ಯಾದಾಗ ಇತ್ತು. ಈಗ ಇಲ್ಲ."

ನೀಲಕಂಠಯ್ಯ ಕನ್ನಡಕ ಸರಿಮಾಡಿಕೊಂಡರು. "ಕ್ರಿಸ್ತಶಕ ಕೇಳಿದ್ದೇನೆ. ಶಾಲಿವಾಹನ ಶಕ, ವಿಕ್ರಮ ಶಕ ಓದಿದ್ದೇನೆ. ನಿಯಮ ಕೇಳಿದ ಮೇಲೆ ಹೊಸ ಶಕವನ್ನೇ ಹುಟ್ಟಿಸಿದವರನ್ನು ಇದೇ ಮೊದಲು ನೋಡಿದ್ದು. ಮೌನಪ್ಪನವರೇ, ಇದು ಆರು ನೂರು ವರ್ಷದ್ದು ಅಂತ ದೇವಾಪುರದವರಿಗೆ ನೀವೇ ತೋರಿಸಿದ್ದೀರಿ. ಸರದಾರರು ಕೂಡುತ್ತಿದ್ದ ಪಡಸಾಲೆ ಅಂತಲೂ ಹೇಳಿದ್ದೀರಿ. ಅದನ್ನೂ ವರದಿಯಲ್ಲಿ ಬರೆದಿದ್ದೇನೆ."

"ಅಲ್ಲಿ ಕೋಳಿ ಕೂಡ್ತಿದ್ವುರಿ."

"ಅದು ಆಮೇಲಿನ ಕಾಲದ್ದಿರಬೇಕು."

ಮೌನಪ್ಪ ನನ್ನ ಮುಖ ನೋಡಿದ. ಸಾಕ್ಷಿ ತರಬೇಕು ಎಂದೆ. ನಾನು ಅಂದು ಆಡಿದ ಮಾತು ಅದೊಂದೇ, ಅದರಿಂದ ಗೊಂದಲ ಕಡಿಮೆಯಾಗಲಿಲ್ಲ.

ಸಾಕ್ಷಿಯಾಗಿ ಅಲ್ಲಾಬಕ್ಷನನ್ನು ಕರೆದೊಯ್ದೆವು. ಗಡ್ಡ ಬಾಚಿಕೊಂಡು, ಈದಿನ ಅಂಗಿ ಹಾಕಿಕೊಂಡು ಬಂದಿದ್ದ. ನೀಲಕಂಠಯ್ಯ ಅವನ ಹೇಳಿಕೆ ಬರೆದುಕೊಳ್ಳಲು ಹಾಳೆ ತೆಗೆದರು.

"ಆ ಮನೆ ಕಟ್ಟಿದ್ದು ಯಾರು?"

"ನಾನ್ರಿ. ಬಾಗಲಾ ಮ್ಯಾಲಿನ ಕಲ್ಲ ಈ ಕೈಲೇ ಕೂಡಸೀನಿ."

"ಯಾವ ವರ್ಷದಲ್ಲಿ?"

"ಕಲ್ಲ ಮ್ಯಾಲೆ ಬರದದಲ್ರಿ. ಹದಿಮೂರನೂರಾ ನಲವತ್ತು."

ನೀಲಕಂಠಯ್ಯ ಬರೆಯುವುದನ್ನು ನಿಲ್ಲಿಸಿದರು. "ನೀವು ಹುಟ್ಟಿದ್ದು?"

"ಹದಿಮೂರನೂರಾ ಏಳರಾಗ್ರಿ. ಅಬ್ಬಾ ಬರದ ಇಟ್ಟಾರ."

ಅಧಿಕಾರಿಗಳು ಹಾಳೆಯ ಅಂಚಿನಲ್ಲಿ ಕಳೆದು ನೋಡಿದರು. ಆರು ನೂರ ಐವತ್ತು ಬಂತು. ಅಲ್ಲಾಬಕ್ಷನನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ಆರೋಗ್ಯ ಹೇಗಿದೆ?" ಎಂದು ಕೇಳಿದರು.

"ಮಳಿಗಾಲದಾಗ ಮೊಣಕಾಲ ಹಿಡೀತಾವ್ರಿ. ಉಳದದ್ದೆಲ್ಲಾ ಛಲೋ ಅದ."

"ಹೋಗಿ ಬನ್ನಿ," ಎಂದರು ನೀಲಕಂಠಯ್ಯ. ಹಾಳೆಯನ್ನು ಮಡಿಚಿ, ಹರಿಯದೆ, ಚೀಲದಲ್ಲಿ ಇಟ್ಟುಕೊಂಡರು. ಮೇಲಿನ ಕಚೇರಿಗೆ ಇಂಥ ಹೇಳಿಕೆ ಕಳಿಸಿದರೆ ತಮ್ಮ ಆರೋಗ್ಯ ಹೇಗಿದೆ ಎಂದು ಅಲ್ಲಿಯವರು ಕೇಳುತ್ತಾರೆಂದು ಅವರಿಗೆ ತೋರಿರಬೇಕು.

ಉಳಿದದ್ದು ಒಂದೇ ದಾರಿ. ಮೌನಪ್ಪ ತನ್ನ ಕಿಟಕಿಯಿಂದ ತಾನೇ ಟಿಕೀಟು ಕೊಂಡು ಯಾದಗಿರಿಗೆ ಹೋದ. ಸುಲ್ತಾನಸಾಬರು ಅಲ್ಲಿ ಮಗಳ ಮನೆಯ ಜಗಲಿಯ ಮೇಲೆ ಹುಕ್ಕಾ ಸೇದುತ್ತ ಸುಖವಾಗಿದ್ದರು. ಸಂಗತಿ ಕೇಳಿ ಎಷ್ಟು ನಕ್ಕರೆಂದರೆ ಮಗಳು ನೀರು ತಂದು ಕೊಡಬೇಕಾಯಿತು. ಆದರೆ ಬಂದರು. ಶೇರವಾನಿ ಹಾಕಿಕೊಂಡು, ಉರ್ದುವಿನ ಹಳೇ ಕಾಗದಗಳ ಕಟ್ಟು ಬಗಲಲ್ಲಿಟ್ಟುಕೊಂಡು ಬಂದರು. ಆಷಾಢದ ಒಂದು ಸಂಜೆ, ನನ್ನ ಕಟ್ಟೆಯ ಮೇಲೆಯೇ ಸಭೆ ಕೂಡಿತು. ನೀಲಕಂಠಯ್ಯ, ಮೌನಪ್ಪ, ಅಲ್ಲಾಬಕ್ಷ. ಕದದ ಹಿಂದೆ ಮರಿಲಿಂಗಮ್ಮ. ಕದದ ಮುಂದೆ, ಯಾರೂ ಕರೆಯದೆ, ಹಜರಾಬೀ.

ಸುಲ್ತಾನಸಾಬರು ಅವಸರ ಮಾಡಲಿಲ್ಲ. ಮೂವತ್ತು ವರ್ಷ ಅಧಿಕಾರಿಗಳನ್ನು ಸಂಭಾಳಿಸಿದ ಮನುಷ್ಯ.

"ಸಾಹೇಬ್ರ, ತಮ್ಮ ಪುಸ್ತಕದಾಗ ಇಲ್ಲದ್ದು ತಮ್ಮ ತಪ್ಪಲ್ಲ. ನಮ್ಮ ಸರಕಾರ ಹೊಂಟ ಹೋಗುವಾಗ ತನ್ನ ಸನ್ನೂ ಕಟ್ಟಿಕೊಂಡ ಹೋತು. ಇದು ನಾ ಆ ವರ್ಷ ಜಾಗಾಕ್ಕ ಕಟ್ಟಿದ ತೆರಿಗಿ ಪಾವತಿ. ಮ್ಯಾಲೆ ಮೊಹರು ನೋಡ್ರಿ. ಫಸಲಿ ಹದಿಮೂರನೂರಾ ನಲವತ್ತು. ಬಾಜೂಕ ಇಂಗ್ಲಿಷಿನಾಗೂ ಬರದಾರ. ತಾವ ಓದ್ರಿ."

ನೀಲಕಂಠಯ್ಯ ಓದಿದರು. ಭೂತಗನ್ನಡಿ ಹಿಡಿದು ಮತ್ತೊಮ್ಮೆ ಓದಿದರು.

"ಸಾವಿರದ ಒಂಬೈನೂರ ಮೂವತ್ತು," ಎಂದರು ಬಹಳ ಮೆಲ್ಲಗೆ. "ನಾನು ಹುಟ್ಟಿದ ವರ್ಷ."

ಹಜರಾಬೀ ಎರಡು ಹೆಜ್ಜೆ ಮುಂದೆ ಬಂದು ಅವರನ್ನು ನೋಡಿದಳು.

"ಹಂಗಾದ್ರ ಸಾಹೇಬ್ರೂ ಪುರಾತನಾನ ಆದ್ರು. ಯಾರೂ ಮುಟ್ಟಬ್ಯಾಡ್ರಿ."

ನಾನು ತಂಬಿಗೆಯಲ್ಲಿ ನೀರು ಕೊಟ್ಟೆ. ಅವರು ಕುಡಿದು, ಟೋಪಿ ತೊಡೆಯ ಮೇಲಿಟ್ಟುಕೊಂಡು ಕೂತರು. ಆಗ ಕಂಡಿತು, ನಿಜಕ್ಕೂ ಎಳೆಯ ಹುಡುಗನೇ. ಟೋಪಿ, ಛತ್ರಿ ಸೇರಿ ವಯಸ್ಸು ಹೆಚ್ಚಿಸಿದ್ದವು.

"ಹಂಗಾದ್ರ ನಾಳಿ ಗ್ವಾಡಿ ಒಡೀಲೇನ್ರಿ?" ಎಂದ ಮೌನಪ್ಪ ಆಸೆಯಿಂದ.

"ಆಗಲ್ಲ," ಎಂದರು ನೀಲಕಂಠಯ್ಯ. "ಪಟ್ಟಿಗೆ ಸೇರಿಸುವುದು ನನ್ನ ಕೈಲಿತ್ತು. ತೆಗೆಯುವುದು ಮೇಲಿನವರ ಕೈಲಿ. ಅವರು ಹೈದರಾಬಾದಿನಿಂದ ಹಳೆಯ ಕಡತ ಬರಲಿ ಅಂತಾರೆ. ಹೈದರಾಬಾದಿನವರು ನೀವು ಈಗ ನಮ್ಮವರಲ್ಲ ಅಂತಾರೆ. ಬೇಗ ಅಂದರೂ ಎರಡು ವರ್ಷ. ಅಲ್ಲಿಯವರೆಗೆ ಈ ಮನೆ ಕಾಗದದ ಮೇಲೆ ಪುರಾತನವೇ."

"ಎರಡ ವರ್ಷಕ್ಕ ಕೂಸು ಓಡ್ಯಾಡ್ತದ್ರಿ!"

ಕದದ ಹಿಂದೆ ಬಳೆಯ ಸದ್ದಾಯಿತು. ಮರಿಲಿಂಗಮ್ಮ ಹೊರಗೆ ಬಂದಳು. ಸರಕಾರದವರ ಮುಂದೆ ಆಕೆ ಬಂದು ನಿಂತದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಸಾಹೇಬ್ರ, ನಿಮ್ಮನ್ನ ಹಡದಾಕಿ ಎಲ್ಲಿ ಹಡದಳ್ರಿ?"

ನೀಲಕಂಠಯ್ಯ ತಬ್ಬಿಬ್ಬಾದರು. "ಅಜ್ಜಿಯ ಮನೆಯಲ್ಲಿ."

"ನಿಮ್ಮಜ್ಜಿ ನೀರ ಎರದಳಿಲ್ಲೋ? ಬಚ್ಚಲ ಇತ್ತಿಲ್ಲೋ?"

ಅವರು ತಲೆಯಾಡಿಸಿದರು. ಅವರ ಕಿವಿ ಕೆಂಪಾಗಿತ್ತು. ಚೀಲದಿಂದ ನಿಯಮದ ಪುಸ್ತಕ ತೆಗೆದು ಹಿಂದಿನಿಂದ ಮುಂದಕ್ಕೆ ಹಾಳೆ ತಿರುವತೊಡಗಿದರು. ನಾವು ಕಾದೆವು. ದೀಪ ಹಚ್ಚುವ ಹೊತ್ತಾಯಿತು. ಒಂದು ಹಾಳೆಯ ಮೇಲೆ ಬೆರಳು ನಿಂತಿತು.

"ಹೊಸ ಬಾಗಿಲು ಇಡುವಂತಿಲ್ಲ. ಆದರೆ ಮೂಲದಲ್ಲಿ ಇದ್ದು ಆಮೇಲೆ ಮುಚ್ಚಿದ ಬಾಗಿಲಿದ್ದರೆ ಅದನ್ನು ತೆರೆಯುವುದು ದುರಸ್ತಿ. ದುರಸ್ತಿಗೆ ನನ್ನ ಅಪ್ಪಣೆ ಸಾಕು." ನಿಟ್ಟುಸಿರು ಬಿಟ್ಟರು. "ಆದರೆ ಅಂಥದ್ದು ಇಲ್ಲವಲ್ಲ."

"ಅದ ರೀ, ಇಲ್ಲೇ ಅದ," ಎಂದ ಅಲ್ಲಾಬಕ್ಷ.

ಎಲ್ಲರೂ ಅವನ ಕಡೆ ತಿರುಗಿದರು.

"ಬಾಗಲಾ ಅದ. ಮೌನಪ್ಪನೋರ ಗೀಟ ಹಾಕಿದ್ರಲ್ಲ, ಅದರ ಎಡಕ್ಕ ಎರಡ ಮೊಳದಾಗ. ಬಾಗಲದ ಆಚೀಗಿ ಹಮಾಮಿನ, ಅಂದ್ರ ಬಚ್ಚಲದ, ಹಾಸಗಲ್ಲೂ ಅದಾವ, ಮಣ್ಣ ಬಿದ್ದದ. ಸಾಬರ ತಾಯಿ ಇರೂತನಕ ಇತ್ತು. ಆಕಿ ತೀರಿದ ಮ್ಯಾಲೆ ಸಾಬರ ಮುಚ್ಚ ಅಂದ್ರು, ಮುಚ್ಚಿದೆ."

ಸುಲ್ತಾನಸಾಬರು ಹಣೆ ಬಡಿದುಕೊಂಡರು. "ತೌಬಾ! ನಾನೇ ಮರತಿದ್ದೆ."

"ಮತ್ತ ಮೊದಲ ದ್ಯಾವರಂಗ ಯಾಕ ನಿಂತಿದ್ದೆಪ್ಪಾ!" ಎಂದು ಕೂಗಿದ ಮೌನಪ್ಪ. "ಎರಡ ತಿಂಗಳಾತು!"

"ನನ್ನ ಯಾರ ಕೇಳ್ಯಾರ್ರಿ? ನೀವ ಇಲ್ಲಿ ಒಡಿ ಅಂದ್ರಿ. ಸಾಹೇಬ್ರ ವಯಸ್ಸ ಕೇಳಿದ್ರು. ಬಾಗಲಾ ಎಲ್ಲದಂತ ಒಬ್ರೂ ಕೇಳಿಲ್ಲ." ಮನೆಯ ಕಡೆ ಕೈ ಮಾಡಿ ಮತ್ತೆ ಹೇಳಿದ: "ಸುಣ್ಣದ ಗಚ್ಚಿನಾಗ ಮುಚ್ಚಿಲ್ರಿ, ಬರೇ ಮಣ್ಣಾಗ ಮುಚ್ಚೀನಿ. ನಾ ಯಾವ ಬಾಗಲಾ ಮುಚ್ಚಿದ್ರೂ ಮಣ್ಣಾಗ ಮುಚ್ಚೂದು. ಮಂದಿ ಮನಸ ತಿರಗತಾವ. ಇನ್ನೊಂದ ದಿನ ಯಾರಿಗ್ಯಾರ ಬೇಕಾಗ್ತದ."

ಕಂದೀಲು ಹಿಡಿದು ಎಲ್ಲರೂ ಒಳಗೆ ಹೋದೆವು. ಅಲ್ಲಾಬಕ್ಷ ಗೋಡೆಯನ್ನು ಬೆರಳ ಗೆಣ್ಣಿನಿಂದ ಬಡಿಯುತ್ತ ಸರಿದ. ಒಂದು ಕಡೆ ಸದ್ದು ಬೇರೆಯಾಯಿತು. ನೀಲಕಂಠಯ್ಯ ತಾವೇ ಬಡಿದು ನೋಡಿದರು. ಮತ್ತೆ ಬಡಿದರು. ಅವರ ಮುಖದ ಮೇಲೆ ಅಧಿಕಾರ ಮೆಲ್ಲಗೆ ವಾಪಸು ಬಂತು. ಟೋಪಿ ಹಾಕಿಕೊಂಡರು.

"ಮೌನಪ್ಪನವರೇ, ಈ ಕಟ್ಟಡದ ಮೂಲ ರೂಪ ಕೆಟ್ಟಿದೆ. ಕೂಡಲೇ ಬಾಗಿಲು ತೆರೆದು, ಹಮಾಮು ಮೊದಲಿದ್ದಂತೆ ಮಾಡತಕ್ಕದ್ದು. ಹದಿನೈದು ದಿನದಲ್ಲಿ ಮಾಡದಿದ್ದರೆ ದಂಡ."

"ದಂಡ ಯಾಕ್ರಿ, ನಾ ಎರಡ ತಿಂಗಳಿಂದ..."

"ಸುಮ್ನ ಆತ್ರಿ ಅನ್ರಿ," ಎಂದಳು ಮರಿಲಿಂಗಮ್ಮ.

"ಆತ್ರಿ," ಎಂದ ಮೌನಪ್ಪ.

ಹಾಸುಗಲ್ಲು ಹೇಳಿದ ಜಾಗದಲ್ಲೇ ಇದ್ದವು. ನೀರು ಹೋಗುವ ಕಲ್ಲಿನ ಮೋರಿ ಕೂಡ. ಅಲ್ಲಾಬಕ್ಷ ಗೋಡೆ ಎಬ್ಬಿಸಿದ, ಮೇಲೆ ತಗಡು ಹಾಕಿದ, ಒಲೆ ಕಟ್ಟಿ ಹಂಡೆ ಕೂಡಿಸಿದ. ನೀಲಕಂಠಯ್ಯ ದಿನಾ ಬಂದು ಟೇಪು ಹಿಡಿದು ಅಳೆದರು. ಮೂಲದಲ್ಲಿ ಹೇಗಿತ್ತೆಂದು ಅಲ್ಲಾಬಕ್ಷ ಹೇಳಿದ್ದನ್ನೆಲ್ಲ ಬರೆದರು. ನೆಲ ಸಾರಿಸುವ ಬಗ್ಗೆ ಮರಿಲಿಂಗಮ್ಮ ಮತ್ತೆ ಕೇಳಿದಾಗ, ಹಿಂದಿನವರು ಸಾರಿಸುತ್ತಿದ್ದರೇ ಎಂದು ವಿಚಾರಿಸಿದರು. ಸಾರಿಸುತ್ತಿದ್ದರು ಎಂದು ಹಜರಾಬೀ ಸಾಕ್ಷಿ ಹೇಳಿದಳು. ಅದೂ ದುರಸ್ತಿಯಲ್ಲಿ ಸೇರಿತು. ಕೆಲಸ ಮುಗಿದ ದಿನ ಸ್ಲೇಟಿನಂತೆ ಒಪ್ಪವಾದ ನೆಲ ನೋಡಿ, ಜೋಳದ ರೊಟ್ಟಿ ಪುಂಡಿಪಲ್ಲೆ ಉಂಡು, ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ ಹೋದರು. ಮರುವಾರ ಅವರಿಗೆ ಬೇರೆ ತಾಲೂಕಿಗೆ ಹುಕುಂ ಬಂತು. ಬಸ್ಸು ಹತ್ತುವಾಗ ಕಿಟಕಿಯಲ್ಲಿ ಮೌನಪ್ಪನನ್ನು ಕೇಳಿದರಂತೆ, ಐನೂರ ತೊಂಬತ್ತು ಕೂಡಿಸಬೇಕೋ ತೊಂಬತ್ತೊಂದೋ ಎಂದು. ಟಿಕೀಟಿನ ಬೆನ್ನಿಗೆ ಬರೆದುಕೊಂಡು ಹೋದರಂತೆ.

ಪಂಚಮಿಯ ಹಿಂದಿನ ದಿನ ಅಮೃತಮ್ಮ ಸೊಸೆಯನ್ನು ಕರೆದುಕೊಂಡು ಇಳಿದಳು. ಶೇಖಮ್ಮ ತುಂಬು ಬಸಿರಿ, ಒಂದೊಂದು ಹೆಜ್ಜೆಗೂ ನಿಲ್ಲುತ್ತಿದ್ದಳು. ಅಮೃತಮ್ಮ ಆಕೆಯನ್ನು ನನ್ನ ಕಟ್ಟೆಯ ಮೇಲೆ ಕೂಡಿಸಿ, "ಒಳಗ ನೋಡಿ ಬರ್ತೀನಿ, ಬಟ್ಟಿ ಗಂಟ ಬಿಚ್ಚಬ್ಯಾಡ," ಎಂದು ತಾನೊಬ್ಬಳೇ ಹೋದಳು. ಬಾಗಿಲು ನೋಡಿದಳು. ಹಾಸುಗಲ್ಲಿನ ಮೇಲೆ ಕಾಲಿಟ್ಟು ಜಾರುತ್ತದೋ ಎಂದು ನೋಡಿದಳು. ಮೂರು ಸಲ ಸುತ್ತು ಹಾಕಿದಳು. ಮರಿಲಿಂಗಮ್ಮ ಸೆರಗಿನ ತುದಿ ಹಿಂಡುತ್ತ ಹಿಂದೆ ನಿಂತಿದ್ದಳು.

"ಹಂಡೆ ಸಣ್ಣದಾತು," ಎಂದಳು ಅಮೃತಮ್ಮ ಕೊನೆಗೆ.

"ದೊಡ್ಡದ ತರಸ್ತೀನ್ರಿ," ಎಂದ ಮೌನಪ್ಪ.

"ನೀರ ಕಾದಾವೇನು?"

ಕಾದಿದ್ದವು. ಬಸ್ಸಿನ ಧೂಳು ಹೋಗಲೆಂದು ಮೊದಲು ತಾನೇ ಮಿಂದಳು. ಒಂದು ಹಂಡೆ ಮುಗಿಸಿ ಇನ್ನೊಂದು ಕಾಯಿಸಿದರು, ಅದನ್ನೂ ಮುಗಿಸಿದಳು. ತಲೆಗೆ ಬಟ್ಟೆ ಸುತ್ತಿಕೊಂಡು ಕೆಂಪಗಾಗಿ ಹೊರಗೆ ಬಂದು, "ಯವ್ವಾ ಶೇಖಮ್ಮ, ಒಳಗ ಬಾ," ಎಂದಳು. ಸೊಸೆಯನ್ನು ಬಿಟ್ಟು ಅಂದೇ ಹೋಗಬೇಕಾದವಳು ಎಂಟು ದಿನ ಇದ್ದಳು. ದಿನಾ ಮಿಂದಳು, ದಿನಾ ಹಂಡೆ ಸಣ್ಣದೆಂದಳು.

ಭಾದ್ರಪದದಲ್ಲಿ ಶೇಖಮ್ಮ ಆ ಕೋಣೆಯಲ್ಲಿ ಹೆಣ್ಣು ಹಡೆದಳು. ಮರಿಲಿಂಗಮ್ಮ ಗಂಟು ಬಿಚ್ಚಿದಳು. ಬೆಳಗ್ಗೆ ಎದ್ದರೆ ನಮ್ಮ ಓಣಿಗೆಲ್ಲ ಹಂಡೆಯ ಹೊಗೆ, ಲೋಬಾನದ ವಾಸನೆ, ನೀರು ಬಿದ್ದ ಕೂಡಲೇ ಕೂಸಿನ ಚೀರಾಟ. ಮನೆಯನ್ನು ಪಟ್ಟಿಯಿಂದ ತೆಗೆಯುವ ಕಾಗದ ಬರಲಿಲ್ಲ, ಯಾರೂ ಕೇಳಲೂ ಇಲ್ಲ.

ಸಂಕ್ರಾಂತಿ ಆಗಿ ಮಾಘ ಹತ್ತಿದ ಮೇಲೆ ಅಮೃತಮ್ಮ ಸೊಸೆ, ಮೊಮ್ಮಗಳನ್ನು ಕರೆಯಲು ಬಂದಳು. ಬಂದದ್ದು ಮಂಗಳವಾರ. ಮಂಗಳವಾರ ಮನೆಯ ಹೆಣ್ಣನ್ನು ಕಳಿಸಬಾರದು ಎಂದಳು ಮರಿಲಿಂಗಮ್ಮ. ಅದು ಎಲ್ಲರೂ ಒಪ್ಪುವ ಮಾತು. ಬುಧವಾರ ಕೂಸಿಗೆ ನೆಗಡಿ ಎಂದಳು. ಕೂಸು ಒಂದು ಸಲ ಸೀನಿದ್ದನ್ನು ನಾನೂ ಕೇಳಿದ್ದೆ. ಅವತ್ತು ಸಂಜೆ ಎರಡು ಸಲ ನೀರು ಕಾಯಿಸಿ ಮಗಳಿಗೂ ಮೊಮ್ಮಗಳಿಗೂ ಎರೆದಳು. ಮಾರನೆಯ ದಿನಕ್ಕೆ ಎಷ್ಟು ಹುಡುಕಿದರೂ ಯಾವ ಕಾರಣವೂ ಸಿಗಲಿಲ್ಲ. ಶೇಖಮ್ಮ ಕೂಸನ್ನು ಎತ್ತಿಕೊಂಡು ಶಹಾಪುರದ ಬಸ್ಸಿಗೆ ಹೋದದ್ದು ಗುರುವಾರ.